ಒಲೆಯ ಅಗುಳಿ

ನಮ್ಮ ವಾಚಕರಲ್ಲೊಬ್ಬ ಸೋದರಿಯವರು ಕಳೆದ ತಿಂಗಳು ಕಾಗದ ಬರೆದು, ತಮ್ಮ ಮನೆಯ ಮೈಕ್ರೋವೇವ್ ಒಲೆಯ ಬಾಗಿಲು ಸರಿಯಾಗಿ ಕೂಡಿಕೊಳ್ಳುತ್ತಿಲ್ಲವೆಂದೂ, ಅಂಗೈಯಿಂದ ಒತ್ತಿ ಹಿಡಿದರೆ ಮಾತ್ರ ಒಲೆ ನಡೆಯುವುದೆಂದೂ, ಅದರ ಅಗುಳಿಯನ್ನು ಮನೆಯಲ್ಲಿಯೇ ಸರಿಪಡಿಸಿಕೊಳ್ಳುವ ಉಪಾಯವೇನಾದರೂ ಉಂಟೇ ಎಂದೂ ಕೇಳಿದ್ದಾರೆ. ಕಾಗದದ ಕೊನೆಯಲ್ಲಿ, "ನಮ್ಮ ಯಜಮಾನರು ಬಾಗಿಲಿಗೆ ಅಡ್ಡಲಾಗಿ ಒಂದು ರಬ್ಬರು ಪಟ್ಟಿಯನ್ನು ಬಿಗಿದಿದ್ದಾರೆ, ಸದ್ಯಕ್ಕೆ ನಡೆಯುತ್ತಿದೆ" ಎಂದು ಒಂದು ಸಾಲನ್ನು ಸೇರಿಸಿದ್ದಾರೆ. ಪ್ರಶ್ನೆಗಿಂತ ಈ ಸಾಲೇ ನಮ್ಮ ಮನಸ್ಸನ್ನು ಹಿಡಿಯಿತು. "ಸದ್ಯಕ್ಕೆ ನಡೆಯುತ್ತಿದೆ" ಎಂಬ ಇದೇ ಮಾತನ್ನು ನಂಬಿಕೊಂಡು ಎರಡು ವರ್ಷಗಳ ಕೆಳಗೆ ನಾವೂ ನೆಮ್ಮದಿಯಾಗಿ ಕುಳಿತಿದ್ದೆವು. ಅದರ ಫಲವಾಗಿ ನಮ್ಮ ಮನೆಯ ಮಗುವೊಂದರ ಕಣ್ಣಿಗೆ ಒದಗಬಹುದಾಗಿದ್ದ ಅಪಾಯವು ಸ್ವಲ್ಪದರಲ್ಲಿ ತಪ್ಪಿತು. ಆದಕಾರಣ ಈ ತಿಂಗಳಿನ ಬರಹವು ಆ ಸೋದರಿಯವರಿಗೆ ಉತ್ತರವೂ ಹೌದು, ನಮ್ಮ ತಪ್ಪಿನ ಒಪ್ಪಿಗೆಯೂ ಹೌದು.

ಅಗುಳಿಯೆಂದರೆ ಬಾಗಿಲು ತಾನಾಗಿ ತೆರೆದುಕೊಳ್ಳದಂತೆ ತಡೆಯುವ ಸಾಧನವೆಂದು ಎಲ್ಲರೂ ತಿಳಿದಿರುವುದಷ್ಟೆ. ಅಮರಸಿಂಹನೂ ತನ್ನ ಕೋಶದ ಪುರವರ್ಗದಲ್ಲಿ ಕವಾಟವನ್ನು ಹೇಳಿ, ಅದರ ಬೆನ್ನಿಗೇ ಅರ್ಗಲವನ್ನು ಹೇಳುತ್ತಾನೆ. ಆದರೆ ದುರ್ಗಾಸಪ್ತಶತಿಯ ಪಾರಾಯಣ ನಡೆಯುವ ಮನೆಗಳಲ್ಲಿ ಈ ಶಬ್ದಕ್ಕೆ ಇನ್ನೊಂದು ಬಳಕೆಯುಂಟು. ಅಲ್ಲಿ ಗ್ರಂಥವನ್ನು ಆರಂಭಿಸುವುದಕ್ಕೆ ಮುಂಚೆ ಕವಚ, ಅರ್ಗಲ, ಕೀಲಕಗಳೆಂಬ ಮೂರನ್ನು ಪಠಿಸುವುದು ಸಂಪ್ರದಾಯ. ಆ ಅರ್ಗಲವು ಬರಿಯ ತಡೆಯಲ್ಲ. ಅದನ್ನು ದಾಟಿದವನಿಗೆ ಮುಂದಕ್ಕೆ ಅಪ್ಪಣೆಯಾಯಿತೆಂದು ಅರ್ಥ. ಮೈಕ್ರೋವೇವ್ ಒಲೆಯ ಅಗುಳಿಯು ಈ ಎರಡನೆಯ ಬಗೆಗೆ ಸೇರಿದುದು. ಬಾಗಿಲನ್ನು ಹಿಡಿದುಕೊಳ್ಳುವುದು ಅದರ ಸಣ್ಣ ಕೆಲಸ. ಬಾಗಿಲು ಭದ್ರವಾಗಿ ಕೂಡಿದೆ, ಇನ್ನು ಕಾವು ಹುಟ್ಟಬಹುದು ಎಂದು ಒಳಗಿನ ಯಂತ್ರಕ್ಕೆ ಅಪ್ಪಣೆ ಕೊಡುವುದು ಅದರ ದೊಡ್ಡ ಕೆಲಸ. ಈ ಭೇದವು ನಮಗೆ ಆಗ ತಿಳಿದಿರಲಿಲ್ಲ.

ನಮ್ಮ ಮನೆಯಲ್ಲಿರುವುದು ಎರಡು ತಿರುಗುಗುಂಡಿಗಳ ಸಾಧಾರಣವಾದ ಒಲೆ. ಒಂದು ಗುಂಡಿ ಕಾವಿನ ಪ್ರಮಾಣಕ್ಕೆ, ಇನ್ನೊಂದು ನಿಮಿಷಗಳಿಗೆ. ಹಾಲು ಕಾಯಿಸುವುದು, ರಾತ್ರಿ ಉಳಿದ ಹುಳಿಯನ್ನು ಬೆಚ್ಚಗೆ ಮಾಡುವುದು, ಎಣ್ಣೆಯಿಲ್ಲದೆ ಹಪ್ಪಳ ಸುಡುವುದು, ಇಷ್ಟೇ ಅದರ ಉದ್ಯೋಗ. ಬಾಗಿಲನ್ನು ಧಡಾರನೆ ಹಾಕುವ ಅಭ್ಯಾಸವು ಮನೆಯಲ್ಲಿ ಎಲ್ಲರಿಗೂ ಇದ್ದಿತು. ನಮಗೆ ಎಲ್ಲರಿಗಿಂತಲೂ ಹೆಚ್ಚು. ಬಾಗಿಲಿನ ಅಂಚಿನಲ್ಲಿ ಮೇಲೊಂದು ಕೆಳಗೊಂದು ಪ್ಲಾಸ್ಟಿಕ್ಕಿನ ಕೊಕ್ಕೆಗಳಿರುವುದನ್ನು ವಾಚಕರು ನೋಡಿರಬಹುದು. ಒಂದು ದಿನ ಕೆಳಗಿನ ಕೊಕ್ಕೆಯು ಟಕ್ಕನೆ ಮುರಿದು ನೆಲಕ್ಕೆ ಬಿದ್ದಿತು. ಒಲೆ ನಿಂತಿತು. ನಾವು ಅದನ್ನು ಕ್ಷಣದಲ್ಲಿ ಹಿಡಿದುಕೊಳ್ಳುವ ಅಂಗಡಿಯ ಅಂಟಿನಿಂದ ಅಂಟಿಸಿ, ಒಂದು ರಾತ್ರಿ ಒಣಗಲು ಬಿಟ್ಟು, ಮರುದಿನ ಹೆಮ್ಮೆಯಿಂದ ಹಾಲು ಕಾಯಿಸಿಕೊಟ್ಟೆವು. ಎಂಟು ದಿನ ನಿಂತಿತು. ಒಂಬತ್ತನೆಯ ದಿನ ಮತ್ತೆ ಬಿದ್ದಿತು. ನಮ್ಮ ಮನೆಯಾಕೆ ಆ ತುಂಡನ್ನು ಎತ್ತಿ ನಮ್ಮ ಕೈಯಲ್ಲಿಟ್ಟು, "ಅಂಟು ಹಚ್ಚಿದ ಅಗುಳಿ ಎಷ್ಟು ದಿನ ಬಂದೀತು ಅಂದ್ರೆ?" ಎಂದರು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲವಾದುದರಿಂದ ರಿಪೇರಿಯವನೊಬ್ಬನಿಗೆ ಹೇಳಿ ಕಳುಹಿಸಿದೆವು.

ಆತನು ಒಲೆಯನ್ನು ಬೆಳಿಗ್ಗೆ ಹೊತ್ತುಕೊಂಡು ಹೋಗಿ ಸಾಯಂಕಾಲಕ್ಕೆ ತಂದಿಟ್ಟನು. "ಈ ಮಾಡೆಲ್‌ಗೆ ಕೊಕ್ಕೆ ಸಿಗೋದು ಕಷ್ಟ ಸಾರ್. ಡೈರೆಕ್ಟ್ ಮಾಡಿಬಿಟ್ಟಿದ್ದೀನಿ. ಇನ್ನು ಬಾಗಿಲಿನ ತಕರಾರೇ ಇರೋಲ್ಲ" ಎಂದನು. ನಾವು ಎಷ್ಟಾಯಿತೆಂದು ಕೇಳಿದೆವು. ಮುನ್ನೂರು ರೂಪಾಯಿ ಎಂದನು. ಕೊಟ್ಟೆವು. ಡೈರೆಕ್ಟ್ ಮಾಡುವುದೆಂದರೇನು ಎಂದು ನಾವು ಕೇಳಲಿಲ್ಲ. ತಿಳಿಯದುದನ್ನು ಕೇಳಿ ತಿಳಿದುಕೊಳ್ಳಿರೆಂದು ಮೂವತ್ತು ವರ್ಷಗಳ ಕಾಲ ಹುಡುಗರಿಗೆ ಹೇಳುತ್ತಿದ್ದ ಬಾಯಿ ಆ ಸಾಯಂಕಾಲ ಏತಕ್ಕೋ ಮುಚ್ಚಿಕೊಂಡಿತ್ತು.

ಇದಾದ ಹದಿನೈದು ದಿನಗಳ ಮೇಲೆ, ಬೇಸಗೆಯ ರಜಕ್ಕೆ ಬಂದಿದ್ದ ನಮ್ಮ ಮೊಮ್ಮಗಳು ತನಗಾಗಿ ಹಾಲಿನ ಲೋಟವನ್ನು ಒಲೆಯಲ್ಲಿಟ್ಟಳು. ಏಳು ವರ್ಷದ ಮಗು. ಕಟ್ಟೆಯ ಮೇಲಿನ ಒಲೆಯ ಬಾಗಿಲು ಅವಳ ಮುಖಕ್ಕೆ ಸರಿಸಮನಾಗಿ ಇರುತ್ತದೆ. ಗಂಟೆ ಬಾರಿಸುವವರೆಗೆ ಕಾಯುವ ತಾಳ್ಮೆ ಆ ವಯಸ್ಸಿಗೆ ಎಲ್ಲಿಯದು? ನಡುವೆಯೇ ಬಾಗಿಲು ತೆರೆದಳು. "ತಾತಾ, ಇಲ್ಲಿ ನೋಡಿ! ಬಾಗಿಲು ತೆಗೆದರೂ ತಟ್ಟೆ ತಿರುಗ್ತಾನೇ ಇದೆ!" ಎಂದು ನಗುತ್ತ, ಬಗ್ಗಿ ಒಳಕ್ಕೆ ನೋಡುತ್ತ ನಿಂತಳು. ನಾವು ಹೊರಗೆ ಪತ್ರಿಕೆ ಓದುತ್ತ ಕುಳಿತಿದ್ದವರು, ಮಗುವಿನ ವಿನೋದವೆಂದು ಅಲ್ಲಿಂದಲೇ ಹೂಂಗುಟ್ಟಿದೆವು. ನಮ್ಮ ಮನೆಯಾಕೆಗೆ ಯಂತ್ರಶಾಸ್ತ್ರ ಬಾರದು. ಆದರೆ ಬಾಗಿಲು ತೆರೆದ ಸಪ್ಪಳವಾದ ಮೇಲೆಯೂ ಒಲೆಯ ಗುನುಗು ನಿಲ್ಲದಿದ್ದುದು ಅವರ ಕಿವಿಗೆ ಬಿದ್ದಿತು. ದೇವರ ಮನೆಯಿಂದ ಓಡಿ ಬಂದು, ಒಂದು ಕೈಯಿಂದ ಮಗುವನ್ನು ಹಿಂದಕ್ಕೆ ಸೆಳೆದು, ಇನ್ನೊಂದರಿಂದ ಗೋಡೆಯ ಸ್ವಿಚ್ಚನ್ನು ಆರಿಸಿಬಿಟ್ಟರು. ಎಲ್ಲವೂ ಸೇರಿ ಐದಾರು ಸೆಕೆಂಡುಗಳಾಗಿದ್ದಿರಬಹುದು. ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದೆವು. ಅವರು ಚೆನ್ನಾಗಿ ಪರೀಕ್ಷಿಸಿ ಏನೂ ಆಗಿಲ್ಲವೆಂದರು. ಅವರಿಗೆ ನಡೆದುದನ್ನು ವಿವರಿಸುವಾಗ ನಮ್ಮ ಮಾತು ನಮಗೇ ಕೇಳದಷ್ಟು ಸಣ್ಣದಾಗಿತ್ತು.

ಕಣ್ಣಿಗೇ ಏಕೆ ಹೆದರಬೇಕೆಂದರೆ, ಈ ಒಲೆಯ ತರಂಗಗಳು ಎಲ್ಲಿ ನೀರಿನಂಶವಿದೆಯೋ ಅಲ್ಲಿ ಶಾಖವನ್ನು ಹುಟ್ಟಿಸುತ್ತವೆ. ಅದು ಹಾಲೋ ಮೈಯೋ ಎಂಬ ವಿಚಾರ ಅವಕ್ಕಿಲ್ಲ. ಮೈಯ ಇತರ ಭಾಗಗಳಲ್ಲಿ ಹರಿಯುವ ರಕ್ತವು ಹೆಚ್ಚಿನ ಶಾಖವನ್ನು ಕೊಂಡೊಯ್ದು ಹಂಚಿಬಿಡುತ್ತದೆ. ಕಣ್ಣಿನ ಮಸೂರದಲ್ಲಿ ರಕ್ತನಾಳಗಳಿಲ್ಲ. ಅಲ್ಲಿ ಹುಟ್ಟಿದ ಕಾವು ಅಲ್ಲಿಯೇ ನಿಲ್ಲುತ್ತದೆ. ಬಲವಾದ ತರಂಗಗಳು ಬಿದ್ದರೆ ಮಸೂರಕ್ಕೆ ಪೊರೆ ಬರುವ ಸಂಭವವುಂಟು.

ಇಲ್ಲಿ ಒಂದು ಮಾತನ್ನು ಹೇಳಿಯೇ ಮುಂದಕ್ಕೆ ಹೋಗಬೇಕು. ನಮ್ಮ ಬಂಧುಗಳಲ್ಲಿ ಕೆಲವರು ಈ ಒಲೆಯಲ್ಲಿ ಬಿಸಿಮಾಡಿದ ಅನ್ನವನ್ನು ಮುಟ್ಟುವುದಿಲ್ಲ. ಅದರಲ್ಲಿ ಕಿರಣಗಳು ಉಳಿದುಕೊಳ್ಳುತ್ತವೆಯೆಂದು ಅವರ ಭಯ. ಇವು ಕ್ಷಕಿರಣಗಳಂತೆ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೆಸೆಯುವ ಜಾತಿಯವಲ್ಲ, ಆಕಾಶವಾಣಿಯ ತರಂಗಗಳ ಬಳಗದವು. ದೀಪವಾರಿಸಿದರೆ ಕೋಣೆಯಲ್ಲಿ ಬೆಳಕು ಹೇಗೆ ಉಳಿಯುವುದಿಲ್ಲವೋ ಹಾಗೆಯೇ ಒಲೆ ನಿಂತರೆ ಒಳಗೆ ತರಂಗವೂ ಉಳಿಯುವುದಿಲ್ಲ. ಸೂಕ್ಷ್ಮತರಂಗವೆಂದು ಕನ್ನಡದಲ್ಲಿ ಹೆಸರಿಟ್ಟಿದ್ದೇವೆ. ಆದರೆ ಒಂದು ತರಂಗದ ಉದ್ದ ಸುಮಾರು ೧೨ ಸೆಂಟಿಮೀಟರು, ಎಂದರೆ ಅರ್ಧ ಗೇಣು. ನೂರಾರು ಮೀಟರು ಉದ್ದದ ಮಧ್ಯಮ ತರಂಗಗಳ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಇದು ಸೂಕ್ಷ್ಮ. ಅನ್ನಕ್ಕೆ ಹೆದರುವ ಈ ನಮ್ಮ ಬಂಧುಗಳೇ ಒಲೆಯ ಬಾಗಿಲು ಸೊಟ್ಟಗಾದರೆ ಅದಕ್ಕೆ ಕಾಗದದ ಮಡಿಕೆ ತುರುಕಿ ನಡೆಸುವುದನ್ನು ನಾವು ಕಂಡಿದ್ದೇವೆ. ಭಯಪಡಬೇಕಾದುದು ಅನ್ನಕ್ಕಲ್ಲ, ಬಾಗಿಲಿಗೆ.

ಈ ತರಂಗಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್ ಎಂಬ ನಳಿಕೆಯು ಅಡಿಗೆಗೆಂದು ಹುಟ್ಟಿದುದಲ್ಲ. ೧೯೪೦ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ರ‍್ಯಾಂಡಲ್ ಮತ್ತು ಬೂಟ್ ಎಂಬ ಇಬ್ಬರು ವಿದ್ವಾಂಸರು ಅದರ ಬಲವಾದ ರೂಪವನ್ನು ಸಿದ್ಧಪಡಿಸಿದುದು ಯುದ್ಧಕಾಲದ ರೇಡಾರಿಗಾಗಿ. ಅಮೆರಿಕದ ರೇತಿಯಾನ್ ಕಂಪೆನಿಯಲ್ಲಿದ್ದ ಪರ್ಸಿ ಸ್ಪೆನ್ಸರ್ ಎಂಬವರು ಇಂತಹ ನಳಿಕೆಯ ಬಳಿ ನಿಂತಿದ್ದಾಗ ಜೇಬಿನಲ್ಲಿದ್ದ ಮಿಠಾಯಿ ಕರಗಿತೆಂದು ಹೇಳುತ್ತಾರೆ. ಅವರು ೧೯೪೫ರಲ್ಲಿ ಇದರಿಂದ ಅಡಿಗೆ ಮಾಡುವ ಕ್ರಮಕ್ಕೆ ಸ್ವಾಮ್ಯವನ್ನು ಕೋರಿದರು. ೧೯೪೭ರಲ್ಲಿ ಮಾರಾಟಕ್ಕೆ ಬಂದ ಮೊದಲ ಒಲೆಯು ಆಳೆತ್ತರವಿದ್ದು ಸುಮಾರು ೩೪೦ ಕಿಲೋಗ್ರಾಂ ತೂಗುತ್ತಿತ್ತು. ಹೋಟೆಲುಗಳಿಗೂ ಹಡಗುಗಳಿಗೂ ಅದು ಯೋಗ್ಯವೇ ಹೊರತು ಮನೆಗಲ್ಲ. ೧೯೬೭ರಲ್ಲಿ ಕಟ್ಟೆಯ ಮೇಲಿಡುವಷ್ಟು ಚಿಕ್ಕದು ೪೯೫ ಡಾಲರಿಗೆ ಬಂದ ತರುವಾಯ ಗೃಹಿಣಿಯರ ಕೈಗೆ ಸಿಕ್ಕಿತು. ಮನೆಯೊಳಕ್ಕೆ ಬಂದ ಮರುವರ್ಷವೇ, ೧೯೬೮ರಲ್ಲಿ, ಅಮೆರಿಕದಲ್ಲಿ ವಿಕಿರಣದಿಂದ ಜನರನ್ನು ರಕ್ಷಿಸುವ ಶಾಸನವಾಯಿತು. ೧೯೭೧ರಿಂದೀಚೆಗೆ ತಯಾರಾದ ಒಲೆಗಳಿಗೆ ಬಾಗಿಲಿನ ವಿಷಯದಲ್ಲಿ ಕಟ್ಟುನಿಟ್ಟಾದ ನಿಯಮಗಳು ಬಂದುವು. ಬಾಗಿಲಿಗೆ ಒಂದಲ್ಲ, ಕಡಮೆಯೆಂದರೆ ಎರಡು ಸ್ವತಂತ್ರವಾದ ತಡೆಗಳಿರಬೇಕು. ಅವುಗಳಲ್ಲಿ ಒಂದಾದರೂ ಬೆರಳಿಗೂ ಕಡ್ಡಿಗೂ ಸಿಕ್ಕದಂತೆ ಮರೆಯಾಗಿರಬೇಕು. ಅವು ಕೆಟ್ಟರೆ ಕಂಡುಹಿಡಿದು ಒಲೆಯನ್ನು ನಿಲ್ಲಿಸುವ ಕಾವಲು ಬೇರೆ ಇರಬೇಕು. ಇಷ್ಟೊಂದು ಎಚ್ಚರಿಕೆಯನ್ನು ನಮ್ಮ ಮನೆಯಲ್ಲಿ ಮುನ್ನೂರು ರೂಪಾಯಿಗೆ ತೆಗೆದುಹಾಕಿಸಿದ್ದೆವು.

ಬಾಗಿಲಿನ ರಚನೆಯನ್ನು ಸ್ವಲ್ಪ ನೋಡೋಣ. ಗಾಜಿನ ಹಿಂದೆ ಸಣ್ಣ ಸಣ್ಣ ರಂಧ್ರಗಳಿರುವ ಒಂದು ಲೋಹದ ತಗಡು ಇರುತ್ತದೆ. ಒಳಗಿನ ಹಾಲು ಉಕ್ಕುವುದು ನಮಗೆ ಕಾಣುತ್ತದೆ, ಏಕೆಂದರೆ ಬೆಳಕಿನ ಅಲೆಗಳು ಆ ರಂಧ್ರಗಳಲ್ಲಿ ನುಸುಳಬಲ್ಲವು. ಅರ್ಧ ಗೇಣಿನ ಅಲೆಯು ಆ ರಂಧ್ರಗಳಲ್ಲಿ ನುಸುಳಲಾರದು. ಇನ್ನು ಬಾಗಿಲಿಗೂ ಚೌಕಟ್ಟಿಗೂ ನಡುವೆ ಇರುವ ಸಂದು. ಅಲ್ಲಿ ರಬ್ಬರಿನ ಬಿಗಿತದಿಂದ ತಡೆ ಉಂಟಾಗುತ್ತದೆಂದು ಬಹುಮಂದಿ ಭಾವಿಸಿರುತ್ತಾರೆ. ಹಾಗಲ್ಲ. ಬಾಗಿಲಿನ ಅಂಚಿನ ಉದ್ದಕ್ಕೂ, ಪ್ಲಾಸ್ಟಿಕ್ ಪಟ್ಟಿಯ ಮರೆಯಲ್ಲಿ, ಲೋಹದ ಒಂದು ಕಾಲುವೆಯಿರುತ್ತದೆ. ಅದರ ಆಳವನ್ನು ತರಂಗದ ಉದ್ದದ ನಾಲ್ಕನೆಯ ಒಂದು ಪಾಲಿಗೆ, ಎಂದರೆ ಸುಮಾರು ೩ ಸೆಂಟಿಮೀಟರಿಗೆ, ಹೊಂದುವಂತೆ ಲೆಕ್ಕಹಾಕಿ ಮಾಡಿರುತ್ತಾರೆ. ಸಂದಿನಲ್ಲಿ ಹೊರಟ ಅಲೆಯು ಕಾಲುವೆಯೊಳಕ್ಕೆ ಹೋಗಿ ಗೋಡೆಗೆ ತಾಗಿ ಹಿಂದಿರುಗುವಾಗ, ಬರುತ್ತಿರುವ ಅಲೆಗೆ ಸರಿಯಾಗಿ ವಿರುದ್ಧವಾಗಿ ನಿಲ್ಲುತ್ತದೆ. ಒಂದರ ಏರಿಗೆ ಇನ್ನೊಂದರ ಇಳಿತ. ಎರಡೂ ಅಲ್ಲಿಯೇ ಶಮನವಾಗುತ್ತವೆ. ಆದುದರಿಂದ ಕೂದಲಿನಷ್ಟು ಸಂದು ಕಂಡೊಡನೆ ಗಾಬರಿಯಾಗಬೇಕಾದುದಿಲ್ಲ. ಆದರೆ ಬಾಗಿಲು ಒಂದು ಮೂಲೆಯಲ್ಲಿ ಎದ್ದು ನಿಂತರೆ, ತಗಡು ಬಾಗಿದರೆ, ತಿರುಗಣೆ ಸಡಿಲವಾಗಿ ಜೋತುಬಿದ್ದರೆ, ಈ ಲೆಕ್ಕವೆಲ್ಲವೂ ಕೆಡುತ್ತದೆ. ರಬ್ಬರು ಪಟ್ಟಿಯು ಬಾಗಿಲನ್ನು ಒಂದು ಕಡೆಗೆ ಮಾತ್ರ ಎಳೆಯುವುದರಿಂದ ಆಗುವ ಮೊದಲನೆಯ ಕೇಡು ಇದೇ.

ಎರಡನೆಯ ಕೇಡು ಕಣ್ಣಿಗೆ ಕಾಣದುದು. ಬಾಗಿಲಿನ ಕೊಕ್ಕೆಗಳು ಚೌಕಟ್ಟಿನ ಬಾಯಿಗಳೊಳಕ್ಕೆ ಹೊಕ್ಕು, ಒಳಗಿರುವ ಮೂರು ಪುಟ್ಟ ಸ್ವಿಚ್ಚುಗಳನ್ನು ಒತ್ತುತ್ತವೆ. ಎರಡು ಸ್ವಿಚ್ಚುಗಳು ವಿದ್ಯುತ್ತಿನ ದಾರಿಯನ್ನು ಕೂಡಿಸುತ್ತವೆ. ಎರಡೂ ಕೂಡಿದ ಹೊರತು ಕಾವಿಲ್ಲ. ಮೂರನೆಯದು ಕಾವಲಿನವನು. ಬಾಗಿಲು ಮುಚ್ಚಿರುವಾಗ ಅದು ಸುಮ್ಮನಿರುತ್ತದೆ. ಬಾಗಿಲು ತೆರೆದ ಮೇಲೆಯೂ ಮೊದಲಿನ ಸ್ವಿಚ್ಚು ಕೆಟ್ಟು ವಿದ್ಯುತ್ತನ್ನು ಬಿಡುತ್ತಲೇ ಇದ್ದರೆ, ಈ ಕಾವಲು ಸ್ವಿಚ್ಚು ಎರಡು ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಿ ಫ್ಯೂಸನ್ನೇ ಸುಟ್ಟುಬಿಡುತ್ತದೆ. ಒಲೆ ಕೆಟ್ಟರೂ ಸರಿಯೆ, ತೆರೆದ ಬಾಗಿಲಿನಲ್ಲಿ ತರಂಗ ಹೊರಡಕೂಡದೆಂಬುದು ಅದರ ವ್ರತ. ಬಾಗಿಲು ತೆರೆದ ಕ್ಷಣದಲ್ಲಿಯೇ ಫ್ಯೂಸು ಹೋಗುವ ಒಲೆಗೆ ದೊಡ್ಡ ಫ್ಯೂಸು ಹಾಕಿಸುವ ಜಾಣರುಂಟು. ಅವರು ಕಾವಲಿನವನ ಬಾಯಿಗೆ ಬಟ್ಟೆ ತುರುಕಿದಂತೆ. ಇನ್ನು ಬಾಗಿಲು ರಬ್ಬರಿನ ಬಿಗಿತದಲ್ಲಿ ಅತ್ತಿತ್ತ ತೂಗಾಡುತ್ತಿದ್ದರೆ, ಸ್ವಿಚ್ಚುಗಳು ಕೂಡಿಯೂ ಕೂಡದೆ ನಿಂತು ಒಳಗೆ ಕಿಡಿ ಹಾರುತ್ತದೆ. ಹಾರಿ ಹಾರಿ ಅವುಗಳ ತುದಿಗಳು ಒಂದಕ್ಕೊಂದು ಬೆಸೆದುಕೊಳ್ಳಬಹುದು. ಬೆಸೆದ ಸ್ವಿಚ್ಚು ಬಾಗಿಲು ತೆರೆದರೂ ಬಿಡುವುದಿಲ್ಲ. ಸೋದರಿಯವರೂ ಅವರ ಯಜಮಾನರೂ ಈ ಬರಹವನ್ನು ಓದಿದ ಕೂಡಲೆ ಆ ರಬ್ಬರು ಪಟ್ಟಿಯನ್ನು ತೆಗೆದು, ಅಗುಳಿ ಸರಿಯಾಗುವವರೆಗೆ ಒಲೆಯ ಪ್ಲಗ್ಗನ್ನು ಕಿತ್ತಿಡಬೇಕೆಂದು ಪ್ರಾರ್ಥಿಸುತ್ತೇವೆ.

ನಮ್ಮ ರಿಪೇರಿಯವನು ಮಾಡಿದುದು ಏನೆಂಬುದು ಆಮೇಲೆ ತಿಳಿಯಿತು. ಎರಡು ಸ್ವಿಚ್ಚುಗಳ ತಂತಿಗಳನ್ನು ಒಂದಕ್ಕೊಂದು ಹೆಣೆದು, ಮೂರನೆಯದರ ತಂತಿಯನ್ನು ಕಿತ್ತುಹಾಕಿದ್ದನು. ಹಾಗೆ ಕಿತ್ತಿರದಿದ್ದರೆ ಮಗು ಬಾಗಿಲು ತೆರೆದೊಡನೆ ಫ್ಯೂಸು ಹೋಗುತ್ತಿತ್ತು. ಮರುದಿನ ಅವನ ಅಂಗಡಿಗೆ ಹೋಗಿ ಕೋಪದಿಂದಲೇ ಕೇಳಿದೆವು. ಅವನು ತಲೆತಗ್ಗಿಸಿ ಕೇಳಿಸಿಕೊಂಡು, "ಮಗೂಗೆ ಏನೂ ಆಗ್ಲಿಲ್ವಲ್ಲ ಸಾರ್?" ಎಂದು ಎರಡು ಸಲ ಕೇಳಿದನು. ಆಮೇಲೆ, "ನಾನು ಹೊಸ ಕೊಕ್ಕೆ, ಹೊಸ ಸ್ವಿಚ್ಚು ಅಂದ್ರೆ ಯಾರೂ ಒಪ್ಪೋಲ್ಲ ಸಾರ್. ಹೇಗಾದ್ರೂ ಮಾಡಪ್ಪ, ಓಡಿದ್ರೆ ಸಾಕು ಅಂತಾರೆ. ನೀವೂ ಹಾಗೇ ಅಂದಿರಿ" ಎಂದನು. ನಾವು ಹಾಗೆ ಅಂದದ್ದು ನಿಜ. ಕೋಪವನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಂದಿರುಗಿದೆವು.

ಈಗ ಮನೆಯಲ್ಲಿ ಮಾಡಬಹುದಾದುದು ಏನು, ಮಾಡಕೂಡದುದು ಏನು ಎಂಬ ವಿಷಯಕ್ಕೆ ಬರೋಣ. ಗೆರೆ ಬಹಳ ಸ್ಪಷ್ಟವಾಗಿದೆ: ಬಾಗಿಲು ಗೃಹಸ್ಥನದು, ಪೆಟ್ಟಿಗೆ ಬಲ್ಲವನದು. ಒಲೆಯ ಹೊರಕವಚವನ್ನು ನಾವು ಬಿಚ್ಚಲೇಕೂಡದು. ಮನೆಯ ೨೩೦ ವೋಲ್ಟುಗಳ ವಿದ್ಯುತ್ತು ಒಳಗೆ ಸುಮಾರು ಎರಡು ಸಾವಿರಕ್ಕೆ ಏರಿ, ಅಲ್ಲಿಂದ ಸುಮಾರು ನಾಲ್ಕು ಸಾವಿರ ವೋಲ್ಟುಗಳಾಗಿ ಮ್ಯಾಗ್ನೆಟ್ರಾನನ್ನು ಸೇರುತ್ತದೆ. ಅದರ ದಾರಿಯಲ್ಲಿ ಕೆಪಾಸಿಟರ್ ಎಂಬ ಒಂದು ಡಬ್ಬಿಯುಂಟು. ಪ್ಲಗ್ಗನ್ನು ಕಿತ್ತ ಮೇಲೆಯೂ ಅದು ವಿದ್ಯುತ್ತನ್ನು ಬಚ್ಚಿಟ್ಟುಕೊಂಡಿರಬಹುದು. ಅದನ್ನು ಮುಟ್ಟಿ ಪ್ರಾಣ ಕಳೆದುಕೊಂಡವರಲ್ಲಿ ಕೆಲಸ ಬಲ್ಲವರೂ ಇದ್ದಾರೆ. ಹೊಲಿಗೆಯ ಯಂತ್ರವನ್ನೂ ಮಿಕ್ಸಿಯನ್ನೂ ಬಿಚ್ಚಿ ಜೋಡಿಸಿದ ಧೈರ್ಯವು ಇಲ್ಲಿ ಉಪಯೋಗಕ್ಕೆ ಬಾರದು.

ಬಾಗಿಲಿನ ಕೆಲಸವನ್ನು ಮೊದಲು ಪ್ಲಗ್ಗನ್ನು ಗೋಡೆಯಿಂದ ಕಿತ್ತು ಆರಂಭಿಸಬೇಕು. ಸ್ವಿಚ್ಚು ಆರಿಸಿದರೆ ಸಾಲದು. ಬಾಗಿಲು ತೆರೆದು ಕೊಕ್ಕೆಗಳೆರಡನ್ನೂ ಟಾರ್ಚಿನ ಬೆಳಕಿನಲ್ಲಿ ನೋಡಿರಿ. ಎರಡೂ ಒಂದೇ ಆಕಾರದಲ್ಲಿರಬೇಕು. ಒಂದರ ಮೂತಿ ಸವೆದಿದ್ದರೆ ಇನ್ನೊಂದರ ಪಕ್ಕದಲ್ಲಿ ಅದು ಒಡನೆಯೇ ತಿಳಿಯುತ್ತದೆ. ಬೆರಳಿನಿಂದ ಕೆಳಕ್ಕೋ ಮೇಲಕ್ಕೋ ತಳ್ಳಿ ಬಿಟ್ಟರೆ ಚಟ್ಟನೆ ಸ್ವಸ್ಥಾನಕ್ಕೆ ಬರಬೇಕು. ಸೋಮಾರಿಯಂತೆ ಬಂದರೆ, ಅರ್ಧದಲ್ಲಿ ನಿಂತರೆ, ಬಹಳ ಮಟ್ಟಿಗೆ ಅದು ಜಿಡ್ಡಿನ ಕೆಲಸ. ನಮ್ಮ ಅಡಿಗೆಮನೆಗಳಲ್ಲಿ ಒಗ್ಗರಣೆಯ ಹೊಗೆ ಹೋಗದ ಜಾಗವಿಲ್ಲ; ಅದಕ್ಕೆ ಹಿಟ್ಟಿನ ಧೂಳು ಸೇರಿ ಅಂಟಾಗಿ ಕೊಕ್ಕೆಯ ಬುಡವನ್ನು ಹಿಡಿದುಕೊಳ್ಳುತ್ತದೆ. ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸಾಬೂನನ್ನು ಒಂದು ತೊಟ್ಟು ಹಾಕಿ, ಬಟ್ಟೆಯನ್ನು ಅದ್ದಿ ಚೆನ್ನಾಗಿ ಹಿಂಡಿ, ಕೊಕ್ಕೆಗಳನ್ನೂ ಬಾಗಿಲಿನ ಅಂಚನ್ನೂ ಒರಸಬೇಕು. ಬುಡಕ್ಕೆ ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಚೌಕಟ್ಟಿನ ಬಾಯಿಗಳ ತುಟಿಯನ್ನು ಮಾತ್ರ ಒರಸಿರಿ. ಒಳಕ್ಕೆ ಕಡ್ಡಿಯನ್ನಾಗಲಿ ನೀರನ್ನಾಗಲಿ ಬಿಡಬೇಡಿರಿ, ಅಲ್ಲಿ ಸ್ವಿಚ್ಚುಗಳಿವೆ. ಉಕ್ಕಿನ ನಾರಿನಿಂದ ಉಜ್ಜಕೂಡದು. ಎಣ್ಣೆ ಬಿಡುವ ಆಸೆ ಎಲ್ಲರಿಗೂ ಆಗುತ್ತದೆ, ನಮಗೂ ಆಗಿತ್ತು. ಎಣ್ಣೆ ಇನ್ನಷ್ಟು ಧೂಳನ್ನು ಕರೆದುಕೊಂಡು ಬರುತ್ತದೆ. ನಾಲ್ಕು ಒಲೆಗಳಲ್ಲಿ ಒಂದಾದರೂ ಇಷ್ಟರಿಂದಲೇ ಸರಿಹೋದೀತೆಂದು ನಮ್ಮ ಊಹೆ.

ಕೊಕ್ಕೆ ಮುರಿದಿದ್ದರೆ ಅಂಟು ಹಚ್ಚಬೇಡಿರೆಂಬುದಕ್ಕೆ ನಾವೇ ಸಾಕ್ಷಿ. ಪ್ರತಿ ಸಲ ಬಾಗಿಲು ಹಾಕುವಾಗಲೂ ಏಟು ಬೀಳುವುದು ಆ ತುದಿಗೆ. ಅಂಟಿದ ಕೊಕ್ಕೆ ಕೂದಲಿನಷ್ಟು ವಾಲಿದರೂ ಸ್ವಿಚ್ಚುಗಳು ಹಿಂದುಮುಂದಾಗಿ ಕೂಡುತ್ತವೆ. ಹೊಸದನ್ನೇ ಹಾಕಬೇಕು. ನಮ್ಮ ಒಲೆಗೆ ಕೊಕ್ಕೆ ಸಿಗುವುದು ಕಷ್ಟವೆಂದು ಹೇಳಿದ್ದರಲ್ಲವೇ? ಬೆಂಗಳೂರಿನ ಎಸ್. ಪಿ. ರಸ್ತೆಯ ಮೂರನೆಯ ಅಂಗಡಿಯಲ್ಲಿ ನಮಗದು ದೊರಕಿತು. ಬೆಲೆ ೧೮೦ ರೂಪಾಯಿ. ಎರಡು ಕೊಕ್ಕೆಗಳೂ ಒಂದೇ ಪಟ್ಟಿಯಲ್ಲಿ ಸೇರಿದ್ದು, ಪಟ್ಟಿಯನ್ನು ಒಂದು ಸಣ್ಣ ಸ್ಪ್ರಿಂಗು ಎಳೆದು ಹಿಡಿದಿರುತ್ತದೆ.

ಅದನ್ನು ಹಾಕುವ ಕೆಲಸ ಒಂದು ಮಧ್ಯಾಹ್ನದ್ದು. ಬಾಗಿಲಿನ ಒಳಮೈಯ ಸುತ್ತಲೂ ಇರುವ ಪ್ಲಾಸ್ಟಿಕ್ ಚೌಕಟ್ಟನ್ನು ಚಪ್ಪಟೆಯಾದ ಅಲಗಿನಿಂದ ಮೂಲೆಯಲ್ಲಿ ಮೆಲ್ಲನೆ ಎಬ್ಬಿಸಬೇಕು. ಅವಸರಪಟ್ಟರೆ ಅದರ ಹಲ್ಲುಗಳು ಮುರಿಯುತ್ತವೆ, ಕೆಳಗಿನ ಲೋಹಕ್ಕೆ ಗೀರು ಬೀಳುತ್ತದೆ. ಲೋಹ ಬಾಗಿದರಂತೂ ಬಾಗಿಲನ್ನೇ ಬದಲಾಯಿಸಬೇಕು. ಚೌಕಟ್ಟು ಬಂದ ಮೇಲೆ ಕೊಕ್ಕೆಯ ಪಟ್ಟಿಯೂ ಸ್ಪ್ರಿಂಗೂ ಕಾಣುತ್ತವೆ. ಕೈ ಹಾಕುವುದಕ್ಕೆ ಮುಂಚೆ ಮೊಬೈಲಿನಲ್ಲಿ ಅದರ ಚಿತ್ರ ತೆಗೆದಿಟ್ಟುಕೊಳ್ಳಿರಿ. ಸ್ಪ್ರಿಂಗಿನ ಯಾವ ತುದಿ ಎಲ್ಲಿತ್ತೆಂ​ಬುದು ಐದು ನಿಮಿಷದಲ್ಲಿ ಮರೆತುಹೋಗುತ್ತದೆ. ಸ್ಪ್ರಿಂಗಿಗೆ ಒಂದು ದಾರ ಕಟ್ಟಿಕೊಂಡು ಬಿಚ್ಚುವುದು ಒಳ್ಳೆಯದು. ನಾವು ಕಟ್ಟಿರಲಿಲ್ಲ, ಅದು ಹಾರಿ ಅಕ್ಕಿಯ ಡಬ್ಬದ ಹಿಂದೆ ಸೇರಿ, ಮನೆಯವರೆಲ್ಲರೂ ಮುಕ್ಕಾಲು ಗಂಟೆ ನೆಲದ ಮೇಲೆ ಹುಡುಕಿದೆವು. ಸಿಕ್ಕಿದ್ದು ಮೊಮ್ಮಗಳಿಗೆ. ಹೊಸ ಪಟ್ಟಿಯನ್ನು ಕೂರಿಸಿ, ಸ್ಪ್ರಿಂಗನ್ನು ಸಿಕ್ಕಿಸಿ, ಚೌಕಟ್ಟನ್ನು ಸುತ್ತಲೂ ಒತ್ತಿದಾಗ ಪ್ರತಿಯೊಂದು ಹಲ್ಲೂ ಟಿಕ್ಕೆಂದು ಕೂರಬೇಕು. ಪ್ಲಗ್ಗು ಇನ್ನೂ ಹೊರಗಿರುವಾಗಲೇ ಇಪ್ಪತ್ತು ಸಲ ಬಾಗಿಲನ್ನು ತೆರೆದು ಮುಚ್ಚಿ ನೋಡಿರಿ. ಇಷ್ಟು ಮಾಡಲು ಧೈರ್ಯವಿಲ್ಲದವರು, ಅಥವಾ ಬಾಗಿಲು ಬಿಚ್ಚುವುದು ಬೇರೆ ಬಗೆಯಾಗಿರುವ ಮಾದರಿಯವರು, ಕಂಪೆನಿಯ ರಿಪೇರಿಯವರನ್ನೇ ಕರೆಸುವುದು ಮೇಲು. ಅದರಲ್ಲಿ ಅವಮಾನವೇನೂ ಇಲ್ಲ.

ನಮ್ಮ ವಿಷಯದಲ್ಲಿ ಪೆಟ್ಟಿಗೆಯೊಳಗಿನ ಕೆಲಸವೂ ಬಾಕಿಯಿತ್ತು. ಅದಕ್ಕೆ ತರಬೇತಿ ಪಡೆದ ಒಬ್ಬ ತರುಣರನ್ನು ಕರೆಸಿದೆವು. ಅವರು ಹೆಣೆದ ತಂತಿಗಳನ್ನು ನೋಡಿ ಏನೂ ಮಾತನಾಡದೆ, ಮೂರು ಹೊಸ ಸ್ವಿಚ್ಚುಗಳನ್ನು ಹಾಕಿ, ನಾವು ಕೂರಿಸಿದ ಕೊಕ್ಕೆಯನ್ನು ಪರೀಕ್ಷಿಸಿ ಸರಿಯಾಗಿದೆಯೆಂದು ತಲೆದೂಗಿದರು. (ಸೇವೆಯಲ್ಲಿದ್ದಾಗ ಇನ್ಸ್‌ಪೆಕ್ಟರರಿಂದಲೂ ನಮಗೆ ಅಷ್ಟು ಸಂತೋಷವಾಗಿರಲಿಲ್ಲ.) ಅನಂತರ ಒಂದು ಲೋಟ ನೀರನ್ನು ಒಳಗಿಟ್ಟು ಒಲೆಯನ್ನು ನಡೆಸಿ, ಅಳತೆಯ ಯಂತ್ರವೊಂದನ್ನು ಬಾಗಿಲಿನ ಸಂದಿನ ಉದ್ದಕ್ಕೂ ನಿಧಾನವಾಗಿ ಆಡಿಸಿದರು. ಬಾಗಿಲಿನಿಂದ ೫ ಸೆಂಟಿಮೀಟರು ದೂರದಲ್ಲಿ ಒಂದು ಚದರ ಸೆಂಟಿಮೀಟರಿಗೆ ೫ ಮಿಲಿವಾಟಿಗೆ ಮೀರಿದ ಸೋರಿಕೆ ಇರಕೂಡದೆಂದು ಅಮೆರಿಕದ ನಿಯಮ. ಕಾರ್ಖಾನೆಯಿಂದ ಹೊರಡುವಾಗಲಂತೂ ಅದು ೧ಕ್ಕೆ ಮೀರಕೂಡದು. ನಮ್ಮದು ಅದಕ್ಕಿಂತ ಬಹಳ ಕೆಳಗೆ ನಿಂತಿತು. ದೂರ ಸರಿದಂತೆ ಈ ಸೋರಿಕೆ ಬಹು ಬೇಗ ಕುಗ್ಗುತ್ತದೆ. ೫ ಸೆಂಟಿಮೀಟರಿನಲ್ಲಿರುವುದು ೫೦ ಸೆಂಟಿಮೀಟರಿನಲ್ಲಿ ಸುಮಾರು ನೂರರಲ್ಲೊಂದು ಪಾಲಾಗುತ್ತದೆ. ಒಲೆ ನಡೆಯುತ್ತಿರುವಾಗ ಗಾಜಿಗೆ ಮುಖವಿಟ್ಟು ನೋಡಬೇಡವೆಂದು ಮಕ್ಕಳಿಗೆ ಹೇಳುವುದರಲ್ಲಿ ಅರ್ಥವುಂಟು.

ಈ ಅಳತೆಗೆ ಬದಲಾಗಿ ಮೊಬೈಲನ್ನು ಒಲೆಯೊಳಗಿಟ್ಟು, ಕರೆಮಾಡಿ, ಗಂಟೆ ಬಾರಿಸಿತೇ ಇಲ್ಲವೇ ಎಂದು ನೋಡುವ ಪರೀಕ್ಷೆಯೊಂದು ಮನೆಮನೆಗೆ ಹಬ್ಬಿದೆ. ಅದನ್ನು ನಂಬಬೇಡಿರಿ. ಮೊಬೈಲಿನ ತರಂಗಗಳು ಬೇರೆ ಉದ್ದದವು, ಅದರ ಕಿವಿಯೂ ಬಹಳ ಚುರುಕು. ಒಳ್ಳೆಯ ಒಲೆಯಲ್ಲಿಯೂ ಅದು ಬಾರಿಸಬಹುದು, ಕೆಟ್ಟ ಒಲೆಯಲ್ಲಿಯೂ ಸುಮ್ಮನಿರಬಹುದು. ಸಂದಿನಲ್ಲಿ ಕಾಗದ ಸಿಕ್ಕಿಸಿ ಎಳೆಯುವ ಪರೀಕ್ಷೆಯೂ ಅಷ್ಟೇ. ತಡೆಯುವುದು ಬಿಗಿತವಲ್ಲ, ಕಾಲುವೆಯೆಂದು ಮೇಲೆಯೇ ಹೇಳಿದ್ದೇವೆ. ಮನೆಯಲ್ಲಿ ಮಾಡಬಹುದಾದ ನಂಬಿಕೆಯ ಪರೀಕ್ಷೆ ಒಂದೇ. ಒಂದು ಲೋಟ ನೀರನ್ನಿಟ್ಟು ಒಲೆಯನ್ನು ಒಂದು ನಿಮಿಷಕ್ಕೆ ತಿರುಗಿಸಿ, ಪಕ್ಕಕ್ಕೆ ನಿಂತು, ತೋಳಳತೆಯಿಂದ ಬಾಗಿಲನ್ನು ನಡುವೆಯೇ ತೆರೆಯಿರಿ. ದೀಪ ಉರಿಯಬಹುದು, ಕೆಲವು ಮಾದರಿಗಳಲ್ಲಿ ಬೀಸಣಿಗೆಯೂ ಸ್ವಲ್ಪ ಹೊತ್ತು ತಿರುಗಬಹುದು. ಆದರೆ ತಟ್ಟೆಯೂ ಕಾವಿನ ಗುನುಗೂ ಆ ಕ್ಷಣವೇ ನಿಲ್ಲಬೇಕು. ನಿಲ್ಲದಿದ್ದರೆ ಗೋಡೆಯ ಸ್ವಿಚ್ಚನ್ನು ಆರಿಸಿರಿ. ಆ ಒಲೆಯನ್ನು ಮತ್ತೆ ಹಚ್ಚಬೇಡಿರಿ. ಬೇರೆಯವರ ಕೈಯಿಂದ ರಿಪೇರಿಯಾಗಿ ಬಂದ ಪ್ರತಿಯೊಂದು ಒಲೆಗೂ, ಹಣ ಕೊಡುವುದಕ್ಕೆ ಮುಂಚೆ, ಅವರ ಎದುರಿನಲ್ಲಿಯೇ ಈ ಪರೀಕ್ಷೆಯನ್ನು ಮಾಡಿರಿ.

ಆ ತರುಣರಿಗೆ ೧,೨೦೦ ರೂಪಾಯಿ ಕೊಟ್ಟೆವು. ಅಲ್ಲಿಗೆ ಡೈರೆಕ್ಟಿನ ಮುನ್ನೂರೂ ಸೇರಿ ಒಟ್ಟು ೧,೬೮೦ ಆಯಿತು. ಹೊಸ ಒಲೆಯನ್ನೇ ಕೊಳ್ಳಬಹುದಿತ್ತಲ್ಲ ಎಂದು ಮಗನು ದೂರವಾಣಿಯಲ್ಲಿ ಅಂದನು. ತಿರುಗಣೆ ಗಟ್ಟಿಯಾಗಿದ್ದು, ತಗಡು ನೆಟ್ಟಗಿದ್ದು, ಒಳಗೆ ತುಕ್ಕು ಹಿಡಿಯದಿರುವ ಒಲೆಯನ್ನು ಒಂದು ಕೊಕ್ಕೆಯ ಸಲುವಾಗಿ ಬೀದಿಗೆ ಹಾಕಲು ನಮಗೆ ಮನಸ್ಸಾಗಲಿಲ್ಲ. ಆದರೆ ಇವುಗಳಲ್ಲಿ ಯಾವುದೊಂದು ಕೆಟ್ಟಿದ್ದರೂ ಅವನ ಮಾತೇ ಸರಿ.

ಸೋದರಿಯವರು ತಮ್ಮ ಕಾಗದದಲ್ಲಿ ಒಲೆಯ ಮಾದರಿಯ ಸಂಖ್ಯೆಯನ್ನು ತಿಳಿಸಿಲ್ಲ. ಅದು ಒಲೆಯ ಬೆನ್ನಿನ ಮೇಲೆಯೋ, ಬಾಗಿಲು ತೆರೆದರೆ ಚೌಕಟ್ಟಿನ ಮೇಲೆಯೋ ಅಂಟಿಸಿದ ಚೀಟಿಯಲ್ಲಿರುತ್ತದೆ. ಅಂಗಡಿಗೆ ಹೋಗುವಾಗ ಅದನ್ನು ಬರೆದುಕೊಂಡು ಹೋಗಬೇಕು; ಕೊಕ್ಕೆ ಮುರಿದಿದ್ದರೆ ಮುರಿದ ತುಂಡನ್ನೂ ಕೊಂಡೊಯ್ದು ಹೊಸದರ ಪಕ್ಕದಲ್ಲಿಟ್ಟು ನೋಡಬೇಕು. ಹೋಲುವಂತಿರುವುದು ಬೇಡ, ಅದೇ ಬೇಕೆಂದು ಕೇಳಿ.